ಮಗುವಿಗೆ ಮೂಡಣ ತೋರಿಸುವವರು ಯಾರು?

ರಾಜಗೃಹದ ಹೊರವಲಯದಲ್ಲಿ ಒಂದು ಮುಂಜಾನೆ. ಸಿಗಾಲನೆಂಬ ಗೃಹಸ್ಥನ ಮಗ ಮಿಂದು, ಒದ್ದೆ ಬಟ್ಟೆ, ಒದ್ದೆ ಕೂದಲಿನಲ್ಲೇ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ: ಮೂಡಣಕ್ಕೆ, ತೆಂಕಣಕ್ಕೆ, ಪಡುವಣಕ್ಕೆ, ಬಡಗಣಕ್ಕೆ, ಕೆಳಕ್ಕೆ, ಮೇಲಕ್ಕೆ. ಭಿಕ್ಷೆಗೆಂದು ಊರಿನತ್ತ ಹೊರಟಿದ್ದ ಬುದ್ಧ ಅವನನ್ನು ಕಂಡು, ಹೀಗೇಕೆ ಮಾಡುತ್ತಿರುವೆ ಎಂದು ವಿಚಾರಿಸಿದ. ಸಾಯುವ ಹೊತ್ತಿನಲ್ಲಿ ಅಪ್ಪ ದಿಕ್ಕುಗಳಿಗೆ ನಮಸ್ಕರಿಸು ಎಂದಿದ್ದ, ಆ ಮಾತನ್ನು ನಡೆಸುತ್ತಿದ್ದೇನೆ ಎಂದ ಹುಡುಗ. ಪಾಲಿ ದೀಘನಿಕಾಯದ 31ನೆಯ ಸುತ್ತವಾದ ಸಿಗಾಲೋವಾದ ಶುರುವಾಗುವುದು ಹೀಗೆ.

ಬುದ್ಧ ಆ ದಿಕ್ಕುಗಳಿಗೆ ಬೇರೆ ಅರ್ಥ ಕೊಟ್ಟ. ಮೂಡಣವೆಂದರೆ ತಂದೆತಾಯಿ, ತೆಂಕಣವೆಂದರೆ ಗುರುಗಳು, ಪಡುವಣ ಹೆಂಡತಿ ಮಕ್ಕಳು, ಬಡಗಣ ಗೆಳೆಯರು. ಕೆಳಗಿನ ದಿಕ್ಕು ಆಳುಕಾಳುಗಳು, ಮೇಲಿನದು ಶ್ರಮಣರು, ಬ್ರಾಹ್ಮಣರು. ಒಂದೊಂದು ದಿಕ್ಕಿಗೂ ಸಲ್ಲಿಸಬೇಕಾದ ಕರ್ತವ್ಯಗಳನ್ನೂ ಆ ದಿಕ್ಕಿನಿಂದ ಮರಳಿ ಬರಬೇಕಾದವನ್ನೂ ಎಣಿಸಿ ಹೇಳಿದ. ಗೃಹಸ್ಥಧರ್ಮದ ದೊಡ್ಡ ಉಪದೇಶವೆಂದು ಬೌದ್ಧ ಪರಂಪರೆ ಇದನ್ನು ಗೌರವಿಸುತ್ತದೆ. ಓದುವಾಗ ಬೇಗ ಮರೆತುಹೋಗುವವನು ಆ ಅಪ್ಪ. ಮಗನಿಗೆ ಬಿಟ್ಟುಹೋಗಲು ಅವನು ಆರಿಸಿಕೊಂಡದ್ದು ದಿಕ್ಕುಗಳನ್ನು. ಬುದ್ಧನ ಪಾಠ ನಿಂತದ್ದೂ ಅದರ ಮೇಲೆಯೇ. ಮೂಡಣ ಯಾವ ಕಡೆಗಿದೆ ಎಂದೇ ತಿಳಿಯದವನಿಗೆ ಮೂಡಣವೆಂದರೆ ತಂದೆತಾಯಿ ಎಂದು ಹೇಳಿ ಏನು ಪ್ರಯೋಜನ?

ಚಿಕ್ಕ ಮಕ್ಕಳಿಗೆ ದಾರಿ ಕಲಿಸುವುದು ಈಗ ಸುರಕ್ಷತೆಯ ಮಾತಾಗಿದೆ, ಇಲ್ಲವೇ ಪರಿಸರ ಅಧ್ಯಯನ ಪುಸ್ತಕದ ಒಂದು ಪಾಠ. ಅದರ ಒಳಗೆ ಹಳೆಯ ತಾತ್ವಿಕ ಪ್ರಶ್ನೆಯೊಂದು ಕೂತಿದೆ. ಮಗು ತನ್ನನ್ನು ನಡುವೆ ಇಟ್ಟುಕೊಂಡು ಲೋಕವನ್ನು ಎಡ, ಬಲ, ಹಿಂದೆ, ಮುಂದೆ ಎಂದು ಹಂಚಿಕೊಳ್ಳಬೇಕೇ? ಅಥವಾ ತಾನು ಹುಟ್ಟುವ ಮೊದಲೇ ಇದ್ದ ಲೋಕದಲ್ಲಿ ತಾನು ನಿಂತ ಜಾಗ ಯಾವುದು ಎಂದು ಹುಡುಕಿಕೊಳ್ಳಬೇಕೇ? ಮೊದಲ ಬಗೆಯಲ್ಲಿ ಮಗು ತಿರುಗಿದರೆ ಲೋಕವೂ ತಿರುಗುತ್ತದೆ. ಎರಡನೆಯದರಲ್ಲಿ ಮಗು ಎಷ್ಟು ಸುತ್ತು ಹಾಕಿದರೂ ಮೂಡಣ ಇದ್ದಲ್ಲೇ ಇರುತ್ತದೆ.

ಮೊದಲನೆಯ ಪಕ್ಷಕ್ಕೆ ದೊಡ್ಡ ವಕೀಲ ಇಮ್ಯಾನುಯೆಲ್ ಕಾಂಟ್. 1786ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವನು ಕತ್ತಲೆ ಕೋಣೆಯ ಉದಾಹರಣೆ ಕೊಟ್ಟ. ಪರಿಚಿತ ಕೋಣೆಯಲ್ಲಿ ಕತ್ತಲಾದರೆ ಕೈಗೆ ಸಿಕ್ಕ ಒಂದು ವಸ್ತುವಿನಿಂದಲೇ ಉಳಿದುದೆಲ್ಲ ಎಲ್ಲಿದೆ ಎಂದು ಗೊತ್ತಾಗುತ್ತದೆ. ಹಾಗೆ ಗೊತ್ತಾಗಬೇಕಾದರೆ ಎಡ ಬಲಗಳ ವ್ಯತ್ಯಾಸವನ್ನು ಮೈ ಒಳಗಿನಿಂದ ಅರಿತಿರಬೇಕು. ಆಕಾಶದ ನಕ್ಷತ್ರಗಳ ಮೂಡಣ ಪಡುವಣವನ್ನು ಯಾರಾದರೂ ಪವಾಡದಿಂದ ಅದಲುಬದಲು ಮಾಡಿಟ್ಟರೂ ಅದನ್ನು ಪತ್ತೆ ಮಾಡಲು ಖಗೋಳಜ್ಞನಿಗೆ ನೆರವಾಗುವುದು ಇದೇ ಅರಿವು ಎಂದ ಕಾಂಟ್. ಈ ಮಾತನ್ನು ಅವನು ಎತ್ತಿದ್ದು ದೇವರ ಸಲುವಾಗಿ. ಇಂದ್ರಿಯಗಳಿಗೆ ನಿಲುಕದ ಕತ್ತಲಿನಲ್ಲಿ ಬುದ್ಧಿ ದಾರಿ ಹುಡುಕುವುದು ಹೇಗೆ? ಹೊರಗೆ ಗುರುತು ಸಿಗದಿದ್ದಾಗ ಬುದ್ಧಿ ತನ್ನೊಳಗಿನ ಅಗತ್ಯವನ್ನೇ ಆಧಾರ ಮಾಡಿಕೊಂಡು ದೇವರಲ್ಲಿ ನಂಬಿಕೆ ಇಡುತ್ತದೆ ಎಂಬುದು ಅವನ ಉತ್ತರ. ದಾರಿ ಕಾಣುವುದೂ ದೇವರನ್ನು ಕಾಣುವುದೂ ಅವನಿಗೆ ಒಂದೇ ಬಗೆಯ ಪ್ರಶ್ನೆಯಾಗಿದ್ದವು.

ಎರಡು ಶತಮಾನ ಕಳೆದ ಮೇಲೆ ಈ ವಾದ ಪ್ರಯೋಗಶಾಲೆಗೆ ಬಂತು. ಇಲಿಯ ಮಿದುಳಿನಲ್ಲಿ, ಅದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಜೀವಕೋಶಗಳಿವೆ ಎಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. ತಲೆ ಯಾವ ಕಡೆ ತಿರುಗಿದೆ ಎಂದು ಹೇಳುವ ಕೋಶಗಳು 1980ರ ದಶಕದಲ್ಲಿ ಸಿಕ್ಕವು. ನೆಲವನ್ನು ಜಾಲರಿಯಂತೆ ಅಳೆಯುವ ಕೋಶಗಳನ್ನು ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ದಂಪತಿ 2005ರಲ್ಲಿ ಕಂಡರು. ಓಕೀಫ್ ಮತ್ತು ಮೋಸರ್ ದಂಪತಿಗೆ 2014ರ ನೊಬೆಲ್ ಬಂತು. ಮಕ್ಕಳ ಪ್ರಶ್ನೆಗೆ ಹತ್ತಿರವಾದದ್ದು 2010ರ ಕೆಲಸ. ಲಂಡನ್ ಮತ್ತು ನಾರ್ವೆಯ ಎರಡು ತಂಡಗಳು ಇಲಿಮರಿಗಳು ಮೊದಲ ಬಾರಿಗೆ ಗೂಡು ಬಿಟ್ಟು ಹೊರಬರುವ ವಯಸ್ಸಿನಲ್ಲೇ ಅವುಗಳ ಮಿದುಳನ್ನು ಪರೀಕ್ಷಿಸಿದವು. ದಿಕ್ಕಿನ ಕೋಶಗಳು ಆಗಲೇ ದೊಡ್ಡ ಇಲಿಗಳ ಮಟ್ಟಕ್ಕೆ ಕೆಲಸ ಮಾಡುತ್ತಿದ್ದವು, ಜಾಗದ ಕೋಶಗಳು ಇನ್ನೂ ಬಲಿಯುತ್ತಿದ್ದವು, ಜಾಲರಿಯ ಕೋಶಗಳು ಎಲ್ಲಕ್ಕಿಂತ ತಡವಾಗಿ ಬಂದವು.

ಕಾಂಟ್ ಗೆದ್ದನೇ? ಅರ್ಧ ಗೆದ್ದ ಎನ್ನಬೇಕು. ಆ ದಿಕ್ಕಿನ ಕೋಶಗಳಿಗೆ ಬಡಗಣ ಯಾವುದೆಂದು ಗೊತ್ತಿಲ್ಲ. ಕಣ್ಣೆದುರಿನ ಒಂದು ಗುರುತಿಗೆ ಅವು ಅಂಟಿಕೊಳ್ಳುತ್ತವೆ. ಗುರುತನ್ನು ಸರಿಸಿದರೆ ಒಳಗಿನ ದಿಕ್ಕೂ ಸರಿಯುತ್ತದೆ. ದಿಕ್ಕು ಹಿಡಿಯುವ ಶಕ್ತಿ ಹುಟ್ಟಿನಿಂದ ಬರುತ್ತದೆ. ಯಾವುದನ್ನು ಹಿಡಿಯಬೇಕು ಎಂಬುದನ್ನು ಮಾತ್ರ ಮನೆ, ಊರು, ಭಾಷೆ, ಧರ್ಮಗಳು ಕಲಿಸಬೇಕು.

ಅವು ಕಲಿಸುವ ರೀತಿಯಲ್ಲಿ ಎಷ್ಟು ಅಂತರವಿದೆ! ಜೀನ್ ಪಿಯಾಜೆ ಜಿನೀವಾದ ಮಕ್ಕಳನ್ನು ನೋಡಿ, ಮಗು ಮೊದಲು ತನ್ನ ಎಡಬಲ ಕಲಿಯುತ್ತದೆ, ಎದುರಿಗಿರುವವರ ಎಡಬಲ ತಿಳಿಯಲು ಸುಮಾರು ಎಂಟು ವರ್ಷವಾಗಬೇಕು, ತನ್ನನ್ನು ಬಿಟ್ಟು ಹೊರಗಿನ ಚೌಕಟ್ಟಿನಲ್ಲಿ ಯೋಚಿಸುವುದು ಕೊನೆಗೆ ಬರುತ್ತದೆ ಎಂದ. ಆದರೆ ಮೆಕ್ಸಿಕೋದ ಬೆಟ್ಟಗಾಡಿನ ತ್ಸೆಲ್ತಾಲ್ ಮಾತಾಡುವ ಮಕ್ಕಳು ನಾಲ್ಕು ವರ್ಷದ ಹೊತ್ತಿಗೇ ಏರುಕಡೆ, ಇಳಿಕಡೆ ಎಂಬ ದಿಕ್ಕುಗಳಲ್ಲಿ ವಸ್ತುಗಳನ್ನು ಗುರುತಿಸುತ್ತಾರೆ. ಆಸ್ಟ್ರೇಲಿಯಾದ ಪಾರ್ಮ್‌ಪುರಾವ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಉತ್ತರ ಯಾವುದು ಎಂದು ಕೇಳಿದಾಗ ಅವಳು ತಡವರಿಸದೆ ಕೈತೋರಿಸಿದಳೆಂದೂ, ಅದೇ ಪ್ರಶ್ನೆಗೆ ಸ್ಟ್ಯಾನ್‌ಫರ್ಡ್‌ನ ಸಭೆಯಲ್ಲಿದ್ದ ವಿದ್ವಾಂಸರು ಎಲ್ಲ ದಿಕ್ಕಿಗೂ ಕೈತೋರಿಸಿದರೆಂದೂ ಲೆರಾ ಬೊರೊಡಿಟ್ಸ್ಕಿ ಬರೆದಿದ್ದಾರೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತಮಿಳುನಾಡಿನಲ್ಲಿ ಎರಿಕ್ ಪೆಡರ್ಸನ್ 1990ರ ದಶಕದಲ್ಲಿ ಒಂದೇ ತಮಿಳು ಆಡುವ ಎರಡು ಗುಂಪುಗಳನ್ನು ಹೋಲಿಸಿದರು. ಪೇಟೆಯವರು ಮೇಜಿನ ಮೇಲಿನ ವಸ್ತುವನ್ನು ಎಡ ಬಲ ಎಂದರೆ ಹಳ್ಳಿಯವರು ಅದನ್ನೂ ಮೂಡಣ ಪಡುವಣ ಎಂದೇ ಹೇಳುತ್ತಿದ್ದರು. ಕರ್ನಾಟಕದ ಹಳ್ಳಿಗಳ ಹಿರಿಯರ ಬಾಯಲ್ಲಿ ಮೂಡಲ ಹೊಲ, ಪಡುವಲ ಬಾಗಿಲು ಎಂಬ ಮಾತು ಕೇಳಿದವರಿಗೆ ಇದು ಹೊಸತಲ್ಲ. ಉಡುಪಿ ಜಿಲ್ಲೆಯಲ್ಲಿ ತೆಂಕ ಎರ್ಮಾಳು, ಬಡಾ ಎರ್ಮಾಳು ಎಂಬ ಊರುಗಳಿವೆ; ಅಲ್ಲಿಯ ಮಗು ತನ್ನ ಊರಿನ ಹೆಸರು ಹೇಳಿದರೆ ಸಾಕು, ದಿಕ್ಕನ್ನೂ ಹೇಳಿದಂತಾಯಿತು.

ಧರ್ಮದ ಪಾತ್ರ ಎಷ್ಟು ಆಳವಾದದ್ದೆಂದು ತೋರಿಸಿದ್ದು ವಾರಾಣಸಿಯ ಅಧ್ಯಯನ. ಜಿನೀವಾದಲ್ಲಿ ಪಿಯಾಜೆಯ ದಾರಿಯಲ್ಲೇ ಪಳಗಿದ ಪಿಯರ್ ದಾಸೆನ್ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ರಮೇಶ್ ಮಿಶ್ರಾ ಅಲ್ಲಿಯ ಸಂಸ್ಕೃತ ಪಾಠಶಾಲೆಗಳ ಮಕ್ಕಳನ್ನು ಹಿಂದಿ ಮಾಧ್ಯಮ ಶಾಲೆಗಳ ಮಕ್ಕಳೊಂದಿಗೆ ಹೋಲಿಸಿದರು. ಒಂದೇ ನಗರ, ಅವೇ ಗಲ್ಲಿಗಳು, ಅದೇ ಗಂಗೆ. ಆದರೂ ಕಣ್ಣಿಗೆ ಬಟ್ಟೆ ಕಟ್ಟಿ ತಿರುಗಿಸಿದ ಮೇಲೆ ದಿಕ್ಕು ಉಳಿಸಿಕೊಳ್ಳುವುದರಲ್ಲಿ ಸಂಸ್ಕೃತ ಶಾಲೆಯ ಮಕ್ಕಳು ಮುಂದಿದ್ದರು. ಅವರಿಗೆ ದಿಕ್ಕು ಒಂದು ಪಾಠವಾಗಿರಲಿಲ್ಲ, ದಿನಚರಿಯಾಗಿತ್ತು. ಸಂಧ್ಯಾವಂದನೆ ಯಾವ ಕಡೆಗೆ, ಊಟಕ್ಕೆ ಕೂರುವುದು ಯಾವ ಕಡೆಗೆ, ಮಲಗುವಾಗ ತಲೆ ಯಾವ ಕಡೆಗೆ ಎಂಬುದು ದಿನಕ್ಕೆ ಹಲವು ಬಾರಿ ಮೈಗೆ ನೆನಪಾಗುತ್ತಿತ್ತು.

ದಾಸೆನ್ ಮೊದಲು ಕೆಲಸ ಮಾಡಿದ ಬಾಲಿ ದ್ವೀಪದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಅಲ್ಲಿ ಬೆಟ್ಟದ ಕಡೆ ಕಾಜಾ, ಕಡಲ ಕಡೆ ಕೆಲೋದ್. ದೇವತೆಗಳ ನೆಲೆ ಬೆಟ್ಟ, ಗುನುಂಗ್ ಆಗುಂಗ್. ಮನೆಯ ಗುಡಿ ಬೆಟ್ಟ ಮತ್ತು ಮೂಡಣ ಸೇರುವ ಮೂಲೆಯಲ್ಲಿ, ಮಲಗುವಾಗ ತಲೆ ಬೆಟ್ಟಕ್ಕೋ ಮೂಡಣಕ್ಕೋ. ದ್ವೀಪದ ತೆಂಕಣದಲ್ಲಿ ಕಾಜಾ ಎಂದರೆ ಬಡಗಣ. ಬೆಟ್ಟ ದಾಟಿ ಬಡಗಣ ಕರಾವಳಿಗೆ ಹೋದರೆ ಅದೇ ಕಾಜಾ ತೆಂಕಣವಾಗುತ್ತದೆ, ಏಕೆಂದರೆ ಬೆಟ್ಟ ಈಗ ಅತ್ತ ಇದೆ. 1930ರ ದಶಕದಲ್ಲಿ ಬಾಲಿಯಲ್ಲಿದ್ದ ಸಂಗೀತಗಾರ ಕಾಲಿನ್ ಮೆಕ್‌ಫೀ ಪ್ರತಿಭಾವಂತ ಹುಡುಗನೊಬ್ಬನನ್ನು ಬೇರೆ ಊರಿನ ನೃತ್ಯಗುರುವಿನ ಬಳಿ ಬಿಟ್ಟ. ಹುಡುಗನಿಗೆ ಪಾಠ ಹತ್ತಲೇ ಇಲ್ಲ. ಗುರು ಹೆಜ್ಜೆಗಳನ್ನು ಹೇಳಿಕೊಡುತ್ತಿದ್ದದ್ದು ದಿಕ್ಕುಗಳಲ್ಲಿ. ಹೊಸ ಊರಿನಲ್ಲಿ ಹುಡುಗನಿಗೆ ದಿಕ್ಕೇ ತಪ್ಪಿಹೋಗಿತ್ತು. ಲೋಕವನ್ನು ನಡುವೆ ಇಟ್ಟು ಬೆಳೆದ ಮಗು ತನ್ನ ಲೋಕದಿಂದ ಕಿತ್ತುಬಂದಾಗ ಇಷ್ಟು ಕಳೆದುಕೊಳ್ಳುತ್ತದೆ. ಇದನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳುವುದು ಸರಿಯಲ್ಲ.

ಆದರೆ ಧರ್ಮಗಳೇ ಈ ಕಷ್ಟಕ್ಕೆ ದಾರಿಯನ್ನೂ ಹುಡುಕಿವೆ. ಪೂಜೆಗೆ ಮುಂಚೆ ಮಾಡುವ ಸಂಕಲ್ಪದಲ್ಲಿ ಕರ್ತೃ ತಾನೆಲ್ಲಿದ್ದೇನೆ ಎಂದು ಮೊದಲು ಹೇಳುತ್ತಾನೆ: ಮೇರುವಿನ ದಕ್ಷಿಣಕ್ಕೆ, ಭರತಖಂಡದಲ್ಲಿ, ಗೋದಾವರಿಯ ದಕ್ಷಿಣ ತೀರದಲ್ಲಿ. ಆಮೇಲೆ ಕಾಲ, ಕೊನೆಗೆ ಹೆಸರು. ‘ನಾನು’ ಎನ್ನುವ ಮೊದಲು ‘ಇಲ್ಲಿ’ ಎನ್ನಬೇಕು ಎಂಬ ಈ ಕ್ರಮದಲ್ಲಿ ಒಂದು ತತ್ತ್ವವೇ ಇದೆ. ಅಮೆರಿಕಕ್ಕೆ ಹೋದ ಕುಟುಂಬಗಳು ಅಲ್ಲಿಯ ಹಲವು ದೇವಾಲಯಗಳಲ್ಲಿ ಜಂಬೂದ್ವೀಪವನ್ನು ಬಿಟ್ಟು ಕ್ರೌಂಚದ್ವೀಪವೆಂದು ಹೇಳುವುದನ್ನು ಕೇಳುತ್ತವೆ. ಊರು ಬದಲಾದರೂ ಜಾಗ ಹೇಳಿಕೊಳ್ಳುವ ಪದ್ಧತಿ ಉಳಿದಿದೆ. ಮುಸ್ಲಿಮರ ಕಿಬ್ಲಾ ಇನ್ನೂ ಸೂಕ್ಷ್ಮ. ಮಕ್ಕಾದ ಕಡೆ ಎಲ್ಲಿಂದ ಬೇಕಾದರೂ ತಿರುಗಬಹುದು, ಆದರೆ ತಾನೆಲ್ಲಿದ್ದೇನೆ ಎಂದು ತಿಳಿಯದೆ ತಿರುಗಲಾಗದು. ಬೆಂಗಳೂರಿನ ಮಗುವಿಗೆ ಅದು ಪಡುವಣದಿಂದ ತುಸು ಬಡಗಣಕ್ಕೆ ವಾಲಿದ ದಿಕ್ಕು, ಲಂಡನ್ನಿನ ಮಗುವಿಗೆ ಆಗ್ನೇಯ. 11ನೆಯ ಶತಮಾನದಲ್ಲಿ ಅಲ್ ಬೀರೂನಿ ಘಜ್ನಿಯಿಂದ ಕಿಬ್ಲಾ ಯಾವ ಕಡೆ ಎಂದು ನಿಖರವಾಗಿ ಲೆಕ್ಕ ಹಾಕಲು ಒಂದು ಗ್ರಂಥವನ್ನೇ ಬರೆದ.

ಕನ್ನಡ ನಾಡಿನಿಂದಲೇ ಇದಕ್ಕೆ ಎದುರಾದ ಉತ್ತರವೂ ಬಂದಿದೆ. 12ನೆಯ ಶತಮಾನದ ಶರಣರು ಇಷ್ಟಲಿಂಗವನ್ನು ಅಂಗೈಗೆ ತಂದರು. ದೇವರು ಮೈಮೇಲೆಯೇ ಇರುವಾಗ ಯಾವ ದಿಕ್ಕಿನ ಗುಡಿಗೆ ಹೋಗಬೇಕು, ಯಾರ ಅಪ್ಪಣೆ ಬೇಕು? ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದ ಅವರ ನಿಲುವು ಗುಡಿಯ ಬಾಗಿಲಲ್ಲಿ ತಡೆದು ನಿಲ್ಲಿಸಲ್ಪಟ್ಟವರಿಗೆ ಬಿಡುಗಡೆಯಾಗಿತ್ತು. ಅದನ್ನು ದಿಕ್ಕಿನ ಅರಿವಿಗೆ ವಿರೋಧವೆಂದು ಓದಬೇಕಾಗಿಲ್ಲ. ದಿಕ್ಕನ್ನು ಅರಿಯುವುದು ಬೇರೆ, ದಿಕ್ಕಿಗೆ ಕಟ್ಟುಬೀಳುವುದು ಬೇರೆ.

ಈ ವ್ಯತ್ಯಾಸವನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಮಕ್ಕಳಿಗೆ ದಿಕ್ಕಿನ ಜೊತೆಗೆ ಭಯವನ್ನೂ ಬೇಲಿಯನ್ನೂ ಕಲಿಸಿದ ಸಮಾಜ ಇದು. ತೆಂಕಣ ಯಮನದೆಂದು ಅಂಜಿಸುವುದು ದಾರಿ ಕಲಿಸಿದಂತಲ್ಲ. ಊರಾಚೆ ದಲಿತರ ಕೇರಿ ಇದ್ದ ಹಳ್ಳಿಗಳಲ್ಲಿ ಒಂದು ಮಗುವಿಗೆ ಅತ್ತ ಹೋಗಬೇಡ ಎಂದರು, ಇನ್ನೊಂದಕ್ಕೆ ಇತ್ತ ಬರಬೇಡ ಎಂದರು. ಉಡುಪಿಯ ಕೃಷ್ಣನ ವಿಗ್ರಹ ಪಡುವಣಕ್ಕೆ ಮುಖ ಮಾಡಿದೆ. ಒಳಗೆ ಬಿಡದ ಕನಕದಾಸರಿಗಾಗಿ ದೇವರು ತಿರುಗಿ ನಿಂತನೆಂಬ ಐತಿಹ್ಯವನ್ನು ಕನಕನ ಕಿಂಡಿಯ ಮುಂದೆ ನಿಂತು ಮಗುವಿಗೆ ಹೇಳಿದರೆ ಅದಕ್ಕೆ ಪಡುವಣ ಯಾವುದೆಂದೂ ತಿಳಿಯುತ್ತದೆ, ಬಾಗಿಲು ಯಾರಿಗೆ ಮುಚ್ಚಿತ್ತೆಂದೂ ತಿಳಿಯುತ್ತದೆ. ಹೆಣ್ಣುಮಕ್ಕಳ ಮಾತೂ ಇಲ್ಲಿದೆ. 1970ರ ದಶಕದಲ್ಲಿ ಅಮೆರಿಕದ ವರ್ಮಾಂಟ್‌ನ ಒಂದು ಊರಿನಲ್ಲಿ ಮಕ್ಕಳ ಓಡಾಟವನ್ನು ದಾಖಲಿಸಿದ ರೋಜರ್ ಹಾರ್ಟ್, ಗಂಡುಹುಡುಗರಿಗೆ ಸಿಕ್ಕಷ್ಟು ದೂರದ ಅನುಮತಿ ಹುಡುಗಿಯರಿಗೆ ಸಿಗುತ್ತಿರಲಿಲ್ಲ ಎಂದು ಕಂಡರು. ಹೆಣ್ಣಿಗೆ ದಾರಿ ತಿಳಿಯುವುದಿಲ್ಲ ಎಂದು ನಗುವವರು ಅವಳನ್ನು ಎಷ್ಟು ದೂರ ಹೋಗಲು ಬಿಟ್ಟಿದ್ದೇವೆ ಎಂದು ಮೊದಲು ಕೇಳಿಕೊಳ್ಳಲಿ.

ಹಾಗಾದರೆ ಕಲಿಸುವುದು ಹೇಗೆ? ಯುರೋಪಿನಲ್ಲಿ ಈ ಪ್ರಶ್ನೆಗೆ ದಿಟ್ಟವಾಗಿ ಉತ್ತರಿಸಿದವನು ರೂಸೋ. 1762ರ ಅವನ ‘ಎಮಿಲ್’ನಲ್ಲಿ ಹುಡುಗನಿಗೆ ಭೂಗೋಳದ ಮೊದಲ ಎರಡು ಬಿಂದುಗಳು ಅವನಿರುವ ಊರು ಮತ್ತು ಅಪ್ಪನ ಹಳ್ಳಿಮನೆ, ಗೋಳ, ನಕ್ಷೆಗಳೆಲ್ಲ ಆಮೇಲೆ. ದಿಕ್ಕು ತಿಳಿದು ಏನು ಉಪಯೋಗ ಎಂದು ಎಮಿಲ್ ಕೇಳಿದಾಗ ಗುರು ಉತ್ತರ ಕೊಡುವುದಿಲ್ಲ. ಮರುದಿನ ಅವನನ್ನು ಮಾಂಟ್‌ಮೊರೆನ್ಸಿಯ ಬಡಗಣಕ್ಕಿರುವ ಕಾಡಿಗೆ ಕರೆದೊಯ್ದು ದಾರಿ ತಪ್ಪಿದಂತೆ ಇರುತ್ತಾನೆ. ಹುಡುಗ ಹಸಿದು ಅಳುತ್ತಾನೆ. ಮಧ್ಯಾಹ್ನದ ನೆರಳು ಬಡಗಣ ತೋರಿಸುತ್ತದೆ, ಊರು ಕಾಡಿನ ತೆಂಕಣಕ್ಕಿದೆ, ಆದ್ದರಿಂದ ನೆರಳಿಗೆ ಎದುರು ನಡೆಯಬೇಕು ಎಂದು ತಾನೇ ಲೆಕ್ಕ ಹಾಕಿ ಊರು ಸೇರುತ್ತಾನೆ. ಅದೇ ಪುಸ್ತಕದ ಮುಂದಿನ ಭಾಗದಲ್ಲಿರುವ ಧರ್ಮವಿಚಾರಕ್ಕಾಗಿ ಪ್ಯಾರಿಸ್ಸಿನಲ್ಲಿ ಅದನ್ನು ಸುಟ್ಟರು. ಆ ವಿಚಾರವೂ ಇದೇ ಹಾದಿಯದು: ಪರರು ಹೇಳಿದ್ದನ್ನು ಒಪ್ಪಿಕೊಳ್ಳುವ ಮೊದಲು ಕಣ್ಣೆದುರಿನ ಲೋಕವನ್ನೂ ಒಳಗಿನ ಸಾಕ್ಷಿಯನ್ನೂ ಕೇಳು ಎಂಬುದು.

ರೂಸೋನ ಪಾಠವನ್ನು ಹಾಗೆಯೇ ತಂದು ಕರ್ನಾಟಕದ ಮಗುವಿಗೆ ಒಪ್ಪಿಸಿದರೆ ಅದು ದಾರಿ ತಪ್ಪುತ್ತದೆ. ಬೆಂಗಳೂರಿನ ಮೇಲೆ ಸೂರ್ಯ ಏಪ್ರಿಲ್ 24ರ ಹೊತ್ತಿಗೆ ನೆತ್ತಿಗೆ ಬರುತ್ತಾನೆ, ಆಮೇಲೆ ಬಡಗಣಕ್ಕೆ ಸರಿದು ಆಗಸ್ಟ್ 18ರ ಸುಮಾರಿಗೆ ಮರಳುತ್ತಾನೆ. ನಡುವಿನ ಆ ಸುಮಾರು ನಾಲ್ಕು ತಿಂಗಳು ನಡುಹಗಲಿನ ನೆರಳು ಬೀಳುವುದು ತೆಂಕಣಕ್ಕೆ. ಶಾಲೆಯ ಪಾಠದ ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂಬ ಮಾತಿಗೂ ತಿದ್ದುಪಡಿ ಬೇಕು. ನೇರ ಪೂರ್ವದಲ್ಲಿ ಅವನು ಹುಟ್ಟುವುದು ಮಾರ್ಚ್, ಸೆಪ್ಟೆಂಬರ್‌ಗಳ ವಿಷುವದಂದು ಮಾತ್ರ. ಜೂನ್, ಡಿಸೆಂಬರ್ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಅವನು ಸುಮಾರು 24 ಡಿಗ್ರಿ ಅತ್ತಿತ್ತ ಸರಿದಿರುತ್ತಾನೆ. ಒಂದೇ ಕಿಟಕಿಯಲ್ಲಿ ನಿಂತು ವರ್ಷವಿಡೀ ಇದನ್ನು ನೋಡಿದ ಮಗು ಪುಸ್ತಕಕ್ಕಿಂತ ಹೆಚ್ಚು ಕಲಿಯುತ್ತದೆ. ಪಂಚಾಂಗದ ಉತ್ತರಾಯಣ, ದಕ್ಷಿಣಾಯನಗಳು ಅದಕ್ಕೆ ಕಣ್ಣಿಗೆ ಕಾಣುವ ವಿಷಯಗಳಾಗುತ್ತವೆ.

ಇಂದು ಮಗುವಿಗೆ ಇದಕ್ಕೆಲ್ಲ ಎಡೆಯೇ ಸಿಗುತ್ತಿಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ತಂಡ ಲೆಕ್ಕ ಹಾಕಿದಂತೆ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಶೇ 9. ಕಾರಣ ಮಕ್ಕಳದ್ದಲ್ಲ, ರಸ್ತೆ ತುಂಬಿದ ವಾಹನಗಳದ್ದು, ದೊಡ್ಡವರ ಅಂಜಿಕೆಯದ್ದು. ಬೆಂಗಳೂರಿನ ಶಾಲಾ ವ್ಯಾನಿನೊಳಗಿನ ಮಗು ದಾರಿಯ ಬದಲು ಮುಂದಿನ ಸೀಟಿನ ಬೆನ್ನನ್ನು ನೋಡುತ್ತದೆ. ದೊಡ್ಡವರ ಕೈಯ ಫೋನಿನಲ್ಲಿ ನೀಲಿ ಚುಕ್ಕೆ ಯಾವಾಗಲೂ ನಡುವೆಯೇ ಇರುತ್ತದೆ. ಫೋನು ತಿರುಗಿದಂತೆ ನಕ್ಷೆ ತಾನೇ ತಿರುಗಿಕೊಡುತ್ತದೆ. ಮನುಷ್ಯ ತನ್ನ ಜಾಗವನ್ನು ಲೋಕದಲ್ಲಿ ಹುಡುಕಿಕೊಳ್ಳುವ ಕೆಲಸವನ್ನು ಯಂತ್ರ ಮಾಡಿಬಿಡುತ್ತದೆ, ಉಳಿಯುವುದು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂಬ ಆಜ್ಞೆ. ಮಾಂಟ್ರಿಯಲ್‌ನ ದಾಹ್ಮಾನಿ ಮತ್ತು ಬೋಹ್ಬೋ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಪಿಎಸ್ಸನ್ನು ಹೆಚ್ಚು ನೆಚ್ಚಿದ ಚಾಲಕರು ಅದಿಲ್ಲದೆ ದಾರಿ ಹುಡುಕುವಾಗ ಜಾಗದ ನೆನಪಿನಲ್ಲಿ ಹಿಂದೆ ಬಿದ್ದಿದ್ದರು. ಫೋನನ್ನು ಬಿಸಾಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಅದು ಕೈಗೆ ಬರುವ ಮೊದಲೇ ಮಗುವಿಗೆ ದಿಕ್ಕು ಬಂದಿರಬೇಕು.

ದಿಕ್ಕಿನ ಅರಿವು ಮಗುವಿಗೆ ಸಿಗುವ ಮೊದಲ ವಿನಯದ ಪಾಠ. ತನಗಿಂತ ದೊಡ್ಡದಾದ, ತಾನು ತಿರುಗಿದರೂ ತಿರುಗದ ಒಂದು ವ್ಯವಸ್ಥೆ ಇದೆ, ಅದರಲ್ಲಿ ತನಗೂ ಒಂದು ಜಾಗವಿದೆ ಎಂಬುದನ್ನು ಮಗು ದೇವರ ಹೆಸರು ಕಲಿಯುವ ಮೊದಲೇ ಕಲಿಯಬಲ್ಲದು. ದೇವರನ್ನು ನಂಬದ ಮನೆಯ ಮಗುವಿಗೂ ಇದು ಅಷ್ಟೇ ಬೇಕು. ಸಂಧ್ಯಾವಂದನೆ, ನಮಾಜುಗಳಿಲ್ಲದ ಮನೆಯಲ್ಲಿ ಅದನ್ನು ಬೇರೆ ರೀತಿಯಲ್ಲಿ ದಿನಚರಿಗೆ ತರಬೇಕು, ಅಷ್ಟೆ.

ಓದುಗರಲ್ಲಿ ತಾಯಿತಂದೆಯರು, ಅಜ್ಜ ಅಜ್ಜಿಯರು ಇದ್ದೀರಿ. ‘ಬಲಗಡೆ ಕಪಾಟಿನಲ್ಲಿ’ ಎನ್ನುವಲ್ಲಿ ಒಮ್ಮೊಮ್ಮೆ ‘ಮೂಡಣ ಗೋಡೆಯ ಕಪಾಟಿನಲ್ಲಿ’ ಎನ್ನಿ. ಪರಿಚಿತ ದಾರಿಯಲ್ಲಿ ಮಗುವನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಅದು ತಪ್ಪು ತಿರುವಿಗೆ ಹೊರಳಿದರೆ ಕೂಡಲೇ ತಿದ್ದಬೇಡಿ, ಸ್ವಲ್ಪ ದೂರ ಜೊತೆಗೇ ಹೋಗಿ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸುವಾಗ ನೇರಳೆ ಮಾರ್ಗ ನಗರದ ಮೂಡಣ ಪಡುವಣವನ್ನೂ ಹಸಿರು ಮಾರ್ಗ ಬಡಗಣ ತೆಂಕಣವನ್ನೂ ಜೋಡಿಸುತ್ತದೆ ಎಂದು ಹೇಳಿ. ಮತ್ತು ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ಒಂದೇ ಬೇಡಿಕೆ: ಗೋಡೆಗೆ ತೂಗುಹಾಕಿದ ನಕ್ಷೆ ನೋಡಿ ಮಕ್ಕಳು ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ ಎಂದು ತಿಳಿಯುತ್ತಾರೆ. ಮೊದಲ ನಕ್ಷೆಯ ಪಾಠದ ದಿನ ಅದನ್ನು ಗೋಡೆಯಿಂದ ಇಳಿಸಿ, ಅಂಗಳದಲ್ಲಿ ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿ, ಮಕ್ಕಳನ್ನು ಅದರ ಸುತ್ತ ಕೂರಿಸಿ.